ಕೆಲಸಕ್ಕೆ ಸಂಬಂಧ ನೋಡಿದ ಯಂತ್ರ

ಹಳೇ ಗ್ರೈಂಡರಿನ ಹೊಟ್ಟೆಗೆ ಟಿವಿ ಪರದೆ ಕೂರಿಸಿ, ಮೇಲೊಂದು ಕುಂಕುಮದ ಬೊಟ್ಟಿಟ್ಟು, ನಮ್ಮ ತ್ರಯಂಬಕ ಮಾವ ಅಮ್ಮನ ಮುಂದೆ ಎದೆಯುಬ್ಬಿಸಿ ನಿಂತರು.

"ಅಕ್ಕಾ, ಇದು ಉದ್ಯೋಗಾನ್ವೇಷಿ! ಕುಮುದಾ ಎಲ್ಲೆಲ್ಲಿ ಅರ್ಜಿ ಹಾಕಿದಾಳೆ, ಯಾರು ಕರೆದ್ರು, ಯಾರು ಕೈಕೊಟ್ರು, ಎಲ್ಲಾ ನೆನಪಿಟ್ಕೊಂಡು ಕಂಪನಿಯವರ ಜೊತೆ ಇದೇ ಮಾತಾಡತ್ತೆ."

ಕುಮುದಾ ಎಂದರೆ ನಾನೇ. ಕೆಮಿಸ್ಟ್ರಿ ಓದಿ, ಮೈಸೂರಿನ ಕಂಪನಿಗಳಿಗೆಲ್ಲ ಅರ್ಜಿ ಹಾಕಿ, ಯಾವುದು ಯಾವುದೆಂದು ಮರೆತು ಕೂತವಳು. ಮೊನ್ನೆ ಸಂದರ್ಶನಕ್ಕೆ ಕರೆಯಲು ಫೋನ್ ಮಾಡಿದವರನ್ನು ಯಾವ ಕಂಪನಿ ನಿಮ್ಮದು ಎಂದು ಕೇಳಿ, ಬಂದ ಅವಕಾಶವನ್ನೂ ಕಳೆದುಕೊಂಡಿದ್ದೆ. ಯುಗಾದಿಯೊಳಗೆ ಕೆಲಸ ಸಿಗದಿದ್ದರೆ ಚಿಕ್ಕಪ್ಪನ ಪಾತ್ರೆ ಅಂಗಡಿಯಲ್ಲಿ ಕೂರಬೇಕೆಂದು ಅಪ್ಪನ ಕಟ್ಟಪ್ಪಣೆ. ದಿನವಿಡೀ ಚಿಕ್ಕಪ್ಪನ ಉಪದೇಶ ಕೇಳುವುದೆಂದರೆ ನನಗೆ ನಿಜಕ್ಕೂ ಭಯ.

ಯಂತ್ರ ಎರಡು ದಿನ ಒಳ್ಳೆಯ ಮಗುವಿನಂತಿತ್ತು. ಮೂರನೆಯ ದಿನ ಒಂದು ಊದುಬತ್ತಿ ಕಾರ್ಖಾನೆಗೆ ಫೋನ್ ಹಚ್ಚಿ ಮಾತಾಡುವುದು ಕೇಳಿಸಿತು.

"ಹುಡುಗಿ ಲಕ್ಷಣವಾಗಿದಾಳೆ. ಕಾರ್ಖಾನೆಯ ಜಾತಕ ಕಳಿಸಿಕೊಡಿ. ಮಾಲೀಕರಿಗೆ ಕುಡಿಯೋ ಅಭ್ಯಾಸ ಇಲ್ಲ ತಾನೇ?"

ನಾನು ಓಡಿಹೋಗಿ ಪ್ಲಗ್ ಕಿತ್ತೆ. ಬ್ಯಾಟರಿಯೂ ಇದೆ ಎಂದು ಮಾವ ಹೆಮ್ಮೆಯಿಂದ ಹೇಳಿದರು. ಆಮೇಲೆ ಗುಟ್ಟು ಹೊರಬಿತ್ತು. ಮಾವ ತಮ್ಮ ಮಗಳಿಗೆ ಗಂಡು ಹುಡುಕಲು ಹಿಂದೊಮ್ಮೆ ಮಾಡಿದ್ದ ಯಂತ್ರದ ಮಿದುಳನ್ನೇ ಕಿತ್ತು ಇದಕ್ಕೆ ಹಾಕಿದ್ದರು!

"ಹುಡುಕೋದು ಅಂದ್ರೆ ಹುಡುಕೋದೇ ಅಲ್ವೇನೇ?" ಎಂದರು. ಅಮ್ಮ ತಲೆ ಚಚ್ಚಿಕೊಂಡಳು.

ಭಾನುವಾರ ಕಾರ್ಖಾನೆಯ ಮಾಲೀಕರಾದ ನಂಜರಾಜಯ್ಯನವರು ಹೆಂಡತಿ ಸಮೇತ ಮನೆಗೇ ಬಂದರು. ಹಳೇ ಕಾಲದ ಮನುಷ್ಯರು, ಯಂತ್ರವೇ ಆದರೂ ಕರೆದ ಮೇಲೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಬಂದಿದ್ದರಂತೆ. ಅಮ್ಮ ಕೇಸರಿಬಾತು, ಉಪ್ಪಿಟ್ಟು ಮಾಡಿದಳು. ನಾನು ತಲೆತಗ್ಗಿಸಿ ಕಾಫಿ ತಂದೆ. ಪುಣ್ಯಕ್ಕೆ ಹಾಡು ಹೇಳಿಸಲಿಲ್ಲ. ಅವರು ಒಂದು ಊದುಬತ್ತಿ ಕೊಟ್ಟು ಹೇಗಿದೆ ಎಂದು ಕೇಳಿದರು.

ಮೂಸಿ ನೋಡಿ, ಇದರಲ್ಲಿ ಗಂಧ ಕಡಿಮೆ, ಸೆಂಟೇ ಜಾಸ್ತಿ ಎಂದುಬಿಟ್ಟೆ. ಅಮ್ಮ ನನ್ನನ್ನು ತಿವಿದಳು.

ನಂಜರಾಜಯ್ಯನವರು ಹೆಂಡತಿಯ ಮುಖ ನೋಡಿ ನಕ್ಕರು. "ನಮಗೆ ಒಪ್ಪಿಗೆ. ನಾಳೆಯಿಂದ್ಲೇ ಬಾಮ್ಮ, ಇಂಥ ಮೂಗೇ ನಮಗೆ ಬೇಕಾಗಿದ್ದು."

ನಾನು ಬಾಯಿ ತೆರೆಯುವ ಮೊದಲೇ ಯಂತ್ರ ಬಾಯಿ ತೆರೆಯಿತು.

"ಹಿರಿಯರನ್ನ ಕೇಳಿ ತಿಳಿಸ್ತೀವಿ. ಇನ್ನೂ ನಾಲ್ಕು ಕಡೆ ನೋಡೋದಿದೆ."

ತಟ್ಟೆಯಲ್ಲಿದ್ದ ಕೇಸರಿಬಾತನ್ನೆಲ್ಲ ಅದರ ಸ್ಪೀಕರಿಗೆ ತುರುಕಿ, "ನಾಳೆ ಬರ್ತೀನಿ ಸರ್!" ಎಂದು ಕಿರುಚಿದೆ.

ಮರುದಿನ ಹೋದರೆ ಕಾರ್ಖಾನೆಯ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು! ಬಾಯಿ ಮುಚ್ಚಿಸಿದ್ದಕ್ಕೆ ಯಂತ್ರ, ಹುಡುಗಿಯನ್ನು ಶಾಸ್ತ್ರೋಕ್ತವಾಗಿ ಮನೆ ತುಂಬಿಸಿಕೊಳ್ಳಿ ಎಂದು ರಾತ್ರಿಯೇ ಅವರಿಗೆ ಮೆಸೇಜ್ ಕಳಿಸಿತ್ತು. ಕೆಲಸದವರೆಲ್ಲ ನೋಡುತ್ತಿದ್ದಂತೆ ಬಲಗಾಲಲ್ಲಿ ಒದ್ದು ಒಳಗೆ ಹೋದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಆಷಾಢ ಬಂತು. ಹೊಸದಾಗಿ ಬಂದ ಹುಡುಗಿಯನ್ನು ತವರಿಗೆ ಕಳಿಸಿಕೊಡಿ ಎಂದು ಯಂತ್ರ ಕಾರ್ಖಾನೆಗೆ ಬರೆಯಿತು. ನಂಜರಾಜಯ್ಯನವರು ಸಂಪ್ರದಾಯ ಬಿಡುವವರಲ್ಲ. ತಿಂಗಳಿಡೀ ಸಂಬಳದ ರಜೆ ಕೊಟ್ಟು, ಹೂವು ಹಣ್ಣಿನ ಸಮೇತ ಕಾರಲ್ಲಿ ಮನೆಗೆ ಬಿಡಿಸಿದರು.

ಮಾವ ತಪ್ಪಿತಸ್ಥರ ಮುಖ ಮಾಡಿಕೊಂಡು ಸ್ಕ್ರೂಡ್ರೈವರ್ ಹಿಡಿದು ಬಂದರು. ಹಳೇ ಮಿದುಳು ತೆಗೆದುಬಿಡಲೇ ಎಂದು ಕೇಳಿದರು.

"ಗೌರಿ ಹಬ್ಬ ಕಳೀಲಿ ಮಾವ," ಎಂದೆ, "ಅವಸರ ಏನಿದೆ?"