ಹನ್ನೊಂದನೆಯ ತೂತು

ಪಿಸ್ತೂಲು ಹಿಡಿದ ಹೆಂಗಸಿನ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತೆ, ವಯಸ್ಸು ನಲವತ್ತೊಂಬತ್ತು. ವಾರವಿಡೀ ಪಂಚಿಂಗ್ ಮಷೀನಿನಿಂದ ಕಡತಗಳಿಗೆ ತೂತು ಹೊಡೆಯುತ್ತೇನೆ, ಭಾನುವಾರ ಪಿಸ್ತೂಲಿನಿಂದ ಗುರಿಯ ಕಾಗದಕ್ಕೆ ತೂತು ಹೊಡೆಯುತ್ತೇನೆ. ಎರಡನೆಯದನ್ನು ಬಿಡು ಎಂದವರು ಬಹಳ ಮಂದಿ. ಬಿಟ್ಟಿಲ್ಲ, ಬಿಡುವುದೂ ಇಲ್ಲ.

೧. ಕುಣಿತ

ಬಾಳೆಗುಳಿಯಿಂದ ಹಿಲ್ಲೂರಿನ ಕಡೆ ಹೋಗುವಾಗ ಒಂದು ಹಳೆಯ ಚಿರೆಕಲ್ಲಿನ ಗಣಿ ಸಿಗುತ್ತದೆ. ಅಲ್ಲೇ ನಮ್ಮ ಶೂಟಿಂಗ್ ಕ್ಲಬ್ಬು. ಮೊದಲು ಸೇರಿದವರು ನನ್ನ ಗಂಡ. ಪಕ್ಕದವರು ಒಂದು ಸಲ ಢಂ ಎನಿಸಿದ್ದೇ ತಡ, ಇವರು "ನಂಗೆ ತಲೆನೋವು" ಎಂದು ಕಾರಿನೊಳಗೆ ಹೋಗಿ ಕೂತರು. ಮುಂದಿನ ವಾರ ಅವರ ಬದಲಿಗೆ ನಾನೇ ಅರ್ಜಿ ಬರೆದು ಸೇರಿಕೊಂಡೆ.

ನಮ್ಮದು ಸೆಮಿ ಆಟೊಮ್ಯಾಟಿಕ್ ಪಿಸ್ತೂಲು. ಒಂದು ಗುಂಡು ಹಾರಿದ ಕೂಡಲೇ ಖಾಲಿ ಹಿತ್ತಾಳೆ ಚಿಪ್ಪನ್ನು ತಾನೇ ಹೊರಗೆಸೆದು ಮುಂದಿನ ಗುಂಡನ್ನು ಒಳಗೆಳೆದುಕೊಳ್ಳುತ್ತದೆ. ನನ್ನ ಮೊದಲ ಗುಂಡಿನ ಚಿಪ್ಪು ಆಗಷ್ಟೇ ಬಾಣಲೆಯಿಂದ ತೆಗೆದಷ್ಟು ಬಿಸಿಯಿತ್ತು. ಅದು ನೇರ ಬಂದು ನನ್ನ ಚೂಡಿದಾರದ ಕುತ್ತಿಗೆಯೊಳಗೆ ಇಳಿಯಿತು. ನಾನು ಕುಣಿದೆ. ಸುಮ್ಮನೆ ಅಲ್ಲ, ಎರಡೂ ಕಾಲೆತ್ತಿ ಕುಣಿದೆ.

ಕ್ಲಬ್ಬಿನ ಅಧ್ಯಕ್ಷರು ಕೈ ಬೀಸಿದರು. "ಸಾಕು ಸಾಕು, ಹೆಂಗಸರಿಗೆ ಇದೆಲ್ಲ ಆತಿಲ್ಲ. ನೀವು ಏರ್‌ಗನ್ ಹೊಡ್ಕಂಡು ಇರಿ."

ಆಗ ಬಾಯಿಬಿಟ್ಟವರು ಮೇಸ್ತ್ರಿ. ನೌಕಾಪಡೆಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದವರು, ಈಗ ಕ್ಲಬ್ಬಿನ ಸಕಲವೂ ಅವರೇ. "ಸಾಹೇಬ್ರೇ, ಬಾಯೋರ ಕಾಲು ನೋಡಿದ್ರಿ, ಕೈ ನೋಡಿದ್ರಾ? ಅಷ್ಟು ಕುಣಿದ್ರೂ ಪಿಸ್ತೂಲು ಗುರಿ ಬದಿಗೇ ಇತ್ತು. ಹೋದ ತಿಂಗಳು ನಿಮ್ಮ ಅಂಗಿ ಒಳಗೆ ಚಿಪ್ಪು ಬಿದ್ದಾಗ ನಾವೆಲ್ಲ ನೆಲದ ಮೇಲೆ ಮಲಗ್ಬೇಕಾಯ್ತು."

ಈ ಪಿಸ್ತೂಲಿನ ಜಿಲ್ಲಾ ಸ್ಪರ್ಧೆಗೆ ನಮ್ಮ ಕ್ಲಬ್ಬಿನಿಂದ ಹೋಗುವುದು ಒಬ್ಬರೇ. ಆ ಒಬ್ಬರು ಪ್ರತಿ ಸಲವೂ ಅಧ್ಯಕ್ಷರೇ. ಈ ಸಲ ಆ ಜಾಗ ನನ್ನದು ಎಂದು ನಾನು ಬಿಸಿ ಚಿಪ್ಪನ್ನು ಹೊರಗೆ ತೆಗೆಯುತ್ತಲೇ ನಿಶ್ಚಯಿಸಿದೆ.

೨. ಕಪ್ಪು ಕೈ

ಖಾಲಿ ಚಿಪ್ಪುಗಳನ್ನು ನಾವು ಬಿಸಾಡುವುದಿಲ್ಲ. ಕ್ಲಬ್ಬಿನ ಪರವಾನಗಿಯಲ್ಲಿ ಮೇಸ್ತ್ರಿ ಅವಕ್ಕೆ ಮತ್ತೆ ಮದ್ದು ತುಂಬಿ, ಮೇಲೆ ಬರೀ ಸೀಸದ ಗುಂಡು ಕೂರಿಸಿ ಕೊಡುತ್ತಾರೆ. ನಾನು ಹೊಡೆಯುವುದು ಅದನ್ನೇ. ಅಧ್ಯಕ್ಷರು ಮಾತ್ರ ತಾಮ್ರದ ಹೊದಿಕೆಯ, ಉಬ್ಬು ಮೂತಿಯ ಕಂಪನಿ ಗುಂಡು ಬಿಟ್ಟು ಬೇರೆ ಮುಟ್ಟುವವರಲ್ಲ. ನಮ್ಮದಕ್ಕೆ ಅವರು ಇಟ್ಟ ಹೆಸರು "ರಿಪೇರಿ ಮಾಲು".

ಸೀಸದಿಂದ ಕೈ ಕಪ್ಪಾಗುತ್ತದೆ. ಸೋಪು ಹಾಕಿ ತೊಳೆಯದೆ ಮೇಸ್ತ್ರಿ ಯಾರನ್ನೂ ಹೊರಗೆ ಬಿಡುವುದಿಲ್ಲ. ಒಂದು ಭಾನುವಾರ ಕ್ಲಬ್ಬಿನ ನೀರಿನ ಟಾಕಿ ಖಾಲಿ. ಕೈ ಹಾಗೇ ಇಟ್ಟುಕೊಂಡು ಅಂಕೋಲೆಯ ನೆಂಟರ ಮನೆಯ ಅರಿಶಿನ ಕುಂಕುಮಕ್ಕೆ ಹೋದೆ. ಹಿಂದಿನ ಬಾಗಿಲಿಂದ ಬಚ್ಚಲಿಗೆ ನುಗ್ಗುವಷ್ಟರಲ್ಲಿ ಆ ಮನೆಯ ಅತ್ತೆ ಹಿಡಿದರು.

"ಎಂಥದೆ ತಂಗಿ ಇದು? ಗೇರುಬೀಜ ಸುಲ್ದ್ಯಾ?"

"ಇಲ್ಲ ಅತ್ತೆ. ಪಿಸ್ತೂಲು ಹೊಡೆದು ಬಂದೆ."

ಜಗಲಿಯಿಂದ ಯಾರೋ ಗಂಡಸು, "ಈ ವಯಸ್ಸಿಗೆ ಯಾರಿಗೆ ಹೊಡೆಯುಕೆ?" ಎಂದರು. ನನಗೆ ಸಿಟ್ಟು ಬಂತು. "ನೀವು ಮಾಡಿದರೆ ಹವ್ಯಾಸ, ನಾನು ಮಾಡಿದರೆ ಯಾರಿಗೆ ಅಂತ ಕೇಳ್ತ್ರಾ?" ಎಂದೆ.

ಅತ್ತೆ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಕೈಗೆ ನೀರು ಹಾಕುತ್ತ ಕಿವಿಯಲ್ಲಿ ಹೇಳಿದರು: "ಈಗ ಮಾತಾಡಿದ್ದು ನಮ್ಮನೆಯವ್ರೇ. ಒಂದಿನ ಅದ್ನ ಇಲ್ಲಿಗೆ ತಕಂಬಾ. ಹೊಡುದು ಬೇಡ, ಬರೀ ತೋರ್ಸುಕೆ."

೩. ಗಡಿಯಲ್ಲಿ

ಒಮ್ಮೆ ಗೋವಾದಲ್ಲಿ ಅಭ್ಯಾಸ ಪಂದ್ಯ ಮುಗಿಸಿ ಮೇಸ್ತ್ರಿಯ ಕಾರಿನಲ್ಲಿ ಬರುತ್ತಿದ್ದೆವು. ಗಡಿಯಲ್ಲಿ ಮದ್ಯದ ತಪಾಸಣೆ. ಒಬ್ಬ ಸಿಬ್ಬಂದಿ ಕಿಟಕಿಯಲ್ಲಿ ಬಗ್ಗಿ, "ಗುಂಡು ಉಂಟಾ?" ಎಂದ.

ಸುಳ್ಳು ನನಗೆ ಬರುವುದಿಲ್ಲ. "ಉಂಟು. ಐವತ್ತು ಉಳಿದಿದೆ."

"ಐವತ್ತಾ! ಯಾವ ಕಂಪನಿದು?"

"ಕಂಪನಿದಲ್ಲ. ನಮ್ಮಲ್ಲೇ ತುಂಬಿದ್ದು."

ಅವನ ಹುಬ್ಬು ಟೊಪ್ಪಿಯೊಳಗೆ ಹೋಯಿತು. "ಸೀಸೇಲಾ?"

"ಹೌದು, ಸೀಸದ್ದೇ."

"ಸ್ಟ್ರಾಂಗ್ ಇದ್ಯಾ?"

"ಅಷ್ಟೇನಿಲ್ಲ. ಕೈಗೆ ಸ್ವಲ್ಪ ಒದೀತದೆ."

"ಹೆಂಗಸಾಗಿ ಹೇಳುಕೆ ನಾಚಿಕೆ ಆಗೂದಿಲ್ವಾ?"

"ಯಾಕೆ ಆಗ್ಬೇಕು? ದಿನಾ ಅಲ್ಲ, ಭಾನುವಾರ ಮಾತ್ರ. ಲೈಸೆನ್ಸೂ ಉಂಟು."

ಪಕ್ಕದಲ್ಲಿ ಮೇಸ್ತ್ರಿ ಸ್ಟೇರಿಂಗಿಗೆ ಹಣೆ ಹಚ್ಚಿ ನಗುತ್ತಿದ್ದರು. ಸಿಬ್ಬಂದಿ ಪೆಟ್ಟಿಗೆ ತೆರೆಸಿದ, ಕಾಗದಪತ್ರ ಎರಡೆರಡು ಸಲ ಓದಿದ. ಆಮೇಲೆ ನಿರಾಳವಾಗಿ ಉಸಿರು ಬಿಟ್ಟ. "ಅಬ್ಬ, ಪಿಸ್ತೂಲಿಂದಾ! ನಾನು ಬಾಟ್ಲಿ ಅಂದ್ಕಂಡು ಹೆದರಿಬಿಟ್ಟಿದ್ದೆ."

೪. ಆಯ್ಕೆಯ ದಿನ

ಜಿಲ್ಲಾ ಸ್ಪರ್ಧೆ ಹತ್ತಿರ ಬಂತು. ನನ್ನ ಹೆಸರು ಕೊಟ್ಟೆ, ಅಧ್ಯಕ್ಷರು ಹೊಡೆದುಹಾಕಿದರು. ಯಾಕೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಮೂರು ಪ್ರತಿಗಳಲ್ಲಿ ಅರ್ಜಿ ಕೊಟ್ಟೆ. ನಾನು ಗುಮಾಸ್ತೆ, ಈ ಆಯುಧ ನನಗೆ ಪಿಸ್ತೂಲಿಗಿಂತ ಹಳೆಯ ಪರಿಚಯ. ಮೂರನೆಯ ಜ್ಞಾಪನಪತ್ರಕ್ಕೆ ಸಮಿತಿ ಸುಸ್ತಾಯಿತು. ಅಧ್ಯಕ್ಷರೂ ನಾನೂ ಅಕ್ಕಪಕ್ಕ ನಿಂತು ಹತ್ತು ಹತ್ತು ಗುಂಡು ಹೊಡೆಯುವುದು, ಹೆಚ್ಚು ಅಂಕ ಬಂದವರು ಹೋಗುವುದು ಎಂದು ತೀರ್ಮಾನವಾಯಿತು.

"ರಿಪೇರಿ ಮಾಲು ನಡುವೆ ಸಿಕ್ಕಿಹಾಕ್ಕಳ್ತದೆ, ನೋಡ್ತಾ ಇರಿ" ಎಂದರು ಅಧ್ಯಕ್ಷರು. ಅವರ ಬಾಯಿಗೆ ಮಣ್ಣು ಬೀಳ, ಏಳನೆಯದರಲ್ಲಿ ಚಿಪ್ಪು ಸಿಕ್ಕಿಯೇ ಬಿಟ್ಟಿತು. ನಾನು ಪಿಸ್ತೂಲನ್ನು ಗುರಿ ಬದಿಗೇ ಇಟ್ಟು ಚಿಪ್ಪನ್ನು ಎಳೆದು ತೆಗೆದೆ, ಉಳಿದದ್ದನ್ನು ಹೊಡೆದು ಮುಗಿಸಿದೆ.

ಕಾಗದಗಳು ಬಂದವು. ನನ್ನದರಲ್ಲಿ ಹನ್ನೊಂದು ತೂತು.

"ಹನ್ನೊಂದು!" ಅಧ್ಯಕ್ಷರ ದನಿ ಗಣಿಯಲ್ಲಿ ಮೊಳಗಿತು. "ಒಂದು ಹೆಚ್ಚು ಹೊಡೆದಿದ್ದಾರೆ. ಅನರ್ಹ!"

ಒಂದು ವರ್ಷದ ಭಾನುವಾರಗಳೆಲ್ಲ ಹೋದವಲ್ಲ ಎಂದು ಅಳು ಬಂತು. ಆದರೂ ಕಾಗದ ಕೈಗೆ ತೆಗೆದುಕೊಂಡೆ. ಇಪ್ಪತ್ತೈದು ವರ್ಷ ತೂತು ಹೊಡೆದವಳಿಗೆ ತೂತು ನೋಡಲು ಬರುವುದಿಲ್ಲವೇ? ನಮ್ಮ ಸೀಸದ ಗುಂಡಿನ ಮೂತಿ ಚಪ್ಪಟೆ. ಪಂಚಿಂಗ್ ಮಷೀನಿನ ಹಾಗೆ ದುಂಡಗೆ, ಚೊಕ್ಕ ಕತ್ತರಿಸುತ್ತದೆ. ಅಂಥವು ಹತ್ತು ಇದ್ದವು. ಹನ್ನೊಂದನೆಯದರ ಅಂಚು ಹರಿದುಹೋಗಿತ್ತು.

"ಅಧ್ಯಕ್ಷರ ಕಾಗದ ಎಣಿಸಿ" ಎಂದೆ.

ಮೇಸ್ತ್ರಿ ಎಣಿಸಿದರು. ಒಂಬತ್ತು. ಇನ್ನೊಮ್ಮೆ ಎಣಿಸಿದರು. ಆಗಲೂ ಒಂಬತ್ತು. ನನ್ನ ಕಾಗದವನ್ನು ಬಿಸಿಲಿಗೆ ಹಿಡಿದು ಆ ಹರಕು ತೂತಿನೊಳಗಿಂದ ಅಧ್ಯಕ್ಷರನ್ನು ನೋಡಿ, "ಬರೋಬರ್. ಸಾಹೇಬ್ರದ್ದೇ ಕಂಪನಿ ಮಾಲು" ಎಂದರು.

ಅಂಕ ಕೂಡಿಸಿದರೆ ನನ್ನದೇ ಹೆಚ್ಚು. ಸಮಿತಿಯವರು ಅಲ್ಲೇ ನನ್ನ ಹೆಸರು ಬರೆದರು. ಅಧ್ಯಕ್ಷರು ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದವರು ಏಳಲೇ ಇಲ್ಲ. ಅವರ ಸ್ವಂತ ಕಾಗದದಲ್ಲಿ ಏಳು ಅಂಕದ ಮೇಲೆ ಒಂದೂ ಇರಲಿಲ್ಲ. ನನ್ನ ಕಾಗದಕ್ಕೆ ಹೊಡೆದ ಆ ಒಂದು ಮಾತ್ರ ಒಂಬತ್ತು ಅಂಕಕ್ಕೆ ಬಿದ್ದಿತ್ತು. ಮೊಬೈಲಿನಲ್ಲಿ ನನ್ನ ಕಾಗದದ ನಕಲೊಂದನ್ನು ತೆಗೆದುಕೊಂಡು, ಅಸಲನ್ನು ಅವರ ಮುಂದೆ ಹಿಡಿದೆ.

"ಇವತ್ತು ನೀವು ಹೊಡೆದದ್ದರಲ್ಲಿ ಇದೇ ಚೊಲೋದು, ಸರ್. ಫೈಲಿಗೆ ಹಾಕ್ಕಳಿ. ತೂತು ನೀವೇ ಹೊಡೆದಾಗಿದೆ."