ಬಾಲ ಕಳೆದುಕೊಂಡ ‘ನು’

ಗಂಡಸು ಕಚೇರಿಯಲ್ಲಿ ನಿದ್ದೆ ಮಾಡಬಹುದು, ರೈಲಿನಲ್ಲಿ ನಿಂತುಕೊಂಡೇ ನಿದ್ದೆ ಮಾಡಬಹುದು, ಸಾವಿನ ಮನೆಯಲ್ಲಿ ಭಿಕ್ಷುಗಳು ಸೂತ್ರ ಹೇಳುವಾಗ ಒಂದು ಕಣ್ಣು ಮುಚ್ಚಲೂಬಹುದು. ನಮ್ಮ ಅಮಗಸಾಕಿ ಊರಿನಲ್ಲಿ ಇದಕ್ಕೆಲ್ಲ ಕ್ಷಮೆಯಿದೆ. ಆದರೆ ಮದುವೆಗೆಂದು ನೋಡಿದ ಹುಡುಗಿಯ ಪಕ್ಕದಲ್ಲಿ ಕೂತು ಸಿನಿಮಾ ನೋಡುವಾಗ ಮಾತ್ರ ನಿದ್ದೆ ಮಾಡಬಾರದು. ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇಸೊಗಾಯಿ ಎಂಬ ಹೆಸರಿನ, ನಟ್ಟು-ಬೋಲ್ಟು ಕಾರ್ಖಾನೆಯ ಉಗ್ರಾಣದ ಗುಮಾಸ್ತನಾದ ನಾನೇ ಸಾಕ್ಷಿ.

ಹನ್ನೊಂದು ವರ್ಷದ ಹಿಂದಿನ ಮಾತು. ಸಂಬಂಧ ಕುದುರಿಸಿದ ಹೆಂಗಸು ‘ಇಬ್ಬರೂ ಒಂದು ಸಲ ಹೊರಗೆ ಹೋಗಿಬನ್ನಿ’ ಅಂದಳು. ನಾನು ಹುಡುಗಿ ಸುಮಿಯೆಯನ್ನು ಒಸಾಕಾಕ್ಕೆ ಕರೆದುಕೊಂಡು ಹೋಗಿ ‘ಉಕ್ಕಿನ ಚಂದ್ರ’ ಎಂಬ ಬಾಹ್ಯಾಕಾಶದ ಸಿನಿಮಾ ತೋರಿಸಿದೆ. ಹಿಂದಿನ ಎರಡು ದಿನ ಉಗ್ರಾಣದಲ್ಲಿ ವಾರ್ಷಿಕ ದಾಸ್ತಾನು ಎಣಿಕೆ ನಡೆದಿತ್ತು (ಹನ್ನೆರಡು ಲಕ್ಷ ಬೋಲ್ಟು, ಒಂದೊಂದಕ್ಕೂ ಒಂದೊಂದು ನಟ್ಟು). ಸಿನಿಮಾದ ನಾಯಕ ಬಂದೂಕು ಹಿಡಿದು ಚಂದ್ರನ ಮೇಲೆ ಇಳಿದದ್ದು ನೆನಪಿದೆ. ಅದರ ನಂತರ ನೆನಪಿರುವುದು ದೀಪ ಹತ್ತಿದ್ದು, ಜನ ಎದ್ದು ಹೋಗುತ್ತಿದ್ದದ್ದು, ಸುಮಿಯೆ ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದದ್ದು.

“ಕೊನೆ ಹೇಗಿತ್ತು?” ಅಂತ ಕೇಳಿದಳು.

“ನಂಗೂ ಅಳು ತಡೆಯೋಕಾಗ್ಲಿಲ್ಲ,” ಅಂದೆ. ಕಣ್ಣಲ್ಲಿ ನೀರೇನೋ ಇತ್ತು. ಆಕಳಿಕೆಯದು.

ವಾರದೊಳಗೆ ಹುಡುಗಿ ಒಪ್ಪಿದ್ದಾಳೆಂದು ಸುದ್ದಿ ಬಂತು. ‘ಆ ಕೊನೆಗೆ ಅಳುವಂಥ ಗಂಡಸು ಇನ್ನೊಬ್ಬ ಸಿಗೋದಿಲ್ಲ’ ಅಂದಳಂತೆ. ಅಂದಿನಿಂದ ಆ ಕೊನೆ ನಮ್ಮ ಮನೆಯಲ್ಲೇ ಬೀಡುಬಿಟ್ಟಿದೆ. ತೋಫು ತರಲು ಮರೆತರೆ, “ಆ ಕೊನೆ ನೋಡಿದೋರು ಹೀಗೆ ಮಾಡ್ತಾರೇನ್ರೀ?” ಸ್ನಾನದ ನೀರು ಆರಲು ಬಿಟ್ಟರೆ, “ಆ ಕೊನೆ ನೆನಪಿದ್ದಿದ್ರೆ ಹೀಗಾಗ್ತಿರಲಿಲ್ಲ.” ನಾನು ತಲೆ ತಗ್ಗಿಸಿ, ನಿಜ, ನೋಡಿದವರು ಹಾಗೆ ಮಾಡಬಾರದು ಎನ್ನುತ್ತೇನೆ. ಏನನ್ನು ನೋಡಿದವರು ಎಂದು ಮಾತ್ರ ನನಗೆ ಗೊತ್ತಿಲ್ಲ.

ಹೀಗೇ ಸಾಯುವವರೆಗೂ ತಲೆ ತಗ್ಗಿಸಿಕೊಂಡಿರಬಹುದಿತ್ತು. ಆದರೆ ಈ ಸೆಪ್ಟೆಂಬರಿನಲ್ಲಿ ಸುಮಿಯೆಯ ಅಣ್ಣನ ಮಗಳು ಚಿಹಾಯಳ ಮದುವೆ ಗೊತ್ತಾಯಿತು. ನವೆಂಬರ್ ಇಪ್ಪತ್ತೆರಡು, ಭಾನುವಾರ, ಎಂಬತ್ತು ಜನ ಅತಿಥಿಗಳು.

“ಭಾಷಣಕ್ಕೆ ನಿಮ್ಮ ಹೆಸರು ಕೊಟ್ಟಿದೀನಿ,” ಅಂದಳು ಸುಮಿಯೆ, ಮೂಲಂಗಿ ತುರಿಯುತ್ತಾ. “ಆ ಸಿನಿಮಾದ ಕೊನೆ ನಮ್ಮಿಬ್ರನ್ನ ಹೇಗೆ ಒಂದು ಮಾಡ್ತು ಅಂತ ಹೇಳಿ ಸಾಕು. ಕೊನೆ ಮಾತ್ರ ವಿವರವಾಗಿ ಹೇಳ್ಬೇಕು.”

ಮರುದಿನದಿಂದಲೇ ಆ ಕೊನೆಯನ್ನು ಹುಡುಕಲು ಹೊರಟೆ. ಆ ಸಿನಿಮಾ ನಾಲ್ಕೇ ದಿನ ಓಡಿತ್ತು. ಊರಿನ ಯಾವ ವಿಡಿಯೊ ಅಂಗಡಿಯಲ್ಲೂ ಅದರ ಟೇಪ್ ಇರಲಿಲ್ಲ. ಕಾರ್ಖಾನೆಯಲ್ಲಿ ಮುನ್ನೂರು ಜನರನ್ನು ವಿಚಾರಿಸಿದೆ, ಒಬ್ಬರೂ ನೋಡಿರಲಿಲ್ಲ. ಹೀಗೆ ಅಲೆಯುತ್ತಿದ್ದಾಗ ಆಟಿಕೆ ಅಂಗಡಿಯ ಗಾಜಿನ ಹಿಂದೆ ಒಂದು ಡಬ್ಬಿ ಕಣ್ಣಿಗೆ ಬಿತ್ತು: ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಯ ಕ್ಯಾಸೆಟ್, ‘ಉಕ್ಕಿನ ಚಂದ್ರ: ಓಡು, ಹಾರು, ಗುಂಡು ಹೊಡೆ’. ಡಬ್ಬಿಯ ಹಿಂದೆ ‘ಸಿನಿಮಾದ ರೋಮಾಂಚಕಾರಿ ಅಂತ್ಯ ನಿಮ್ಮ ಮನೆಯಲ್ಲೇ’ ಎಂದಿತ್ತು. ದೇವರು ಇದ್ದಾನೆ ಅಂದುಕೊಂಡು, ಪೆಟ್ಟಿಗೆ ಸಮೇತ ಹೊತ್ತು ತಂದೆ.

ನಮ್ಮ ಮನೆಯಲ್ಲಿ ಮೂರು ಜನ. ಮೂರನೆಯವರು ಅತ್ತೆ ತೊಕು, ವಯಸ್ಸು ಎಪ್ಪತ್ತೊಂದು. ಅವರು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನ್ನ ಜೊತೆ ನೇರವಾಗಿ ಮಾತಾಡಿದವರಲ್ಲ. ನಾನು ಎದುರಿಗೇ ಕೂತಿದ್ದರೂ ಮಾತು ಮಗಳ ಮೂಲಕ ಬಳಸಿಕೊಂಡು ಬರುತ್ತದೆ.

“ಸುಮಿಯೆ, ನಿನ್ನ ಗಂಡನಿಗೆ ಹೇಳು. ನಲವತ್ತು ದಾಟಿದ ಗಂಡಸು ಪಿಕೋಪಿಕೋ ಅಂತ ಸದ್ದು ಮಾಡಿಸ್ಕೊಂಡು ಟಿವಿ ಮುಂದೆ ಕೂತ್ರೆ ನೆರೆಹೊರೆಯೋರು ಏನಂದ್ಕೋಬೇಕು?”

“ಇರ್ಲಿ ಬಿಡಮ್ಮ. ಅದು ನಮ್ಮ ಸಿನಿಮಾ,” ಅಂದಳು ಸುಮಿಯೆ. ನನ್ನ ಕಡೆ ತಿರುಗಿ, “ಕೊನೆ ಬಂದಾಗ ನನ್ನೂ ಕರೀರಿ. ನಾನೂ ನೋಡ್ಬೇಕು,” ಅಂದಳು. ಒಂದು ಸಲ ನೋಡಿ ಅತ್ತದ್ದು ಸಾಲದೆ ಇನ್ನೊಮ್ಮೆ ಅಳುವ ಆಸೆಯೇನೋ ಅಂದುಕೊಂಡೆ.

ಇನ್ನು ಆಟದ ವಿಚಾರ. ಪರದೆಯ ಮೇಲೆ ಹೆಬ್ಬೆರಳಿನಷ್ಟು ನಾಯಕ. ಅವನು ಎಡದಿಂದ ಬಲಕ್ಕೆ ಓಡಬೇಕು, ಹಳ್ಳ ಬಂದರೆ ಹಾರಬೇಕು, ಎದುರಿಗೆ ಏನು ಬಂದರೂ ಸುಡಬೇಕು. ಏಳು ಹಂತ, ಮೂರು ಪ್ರಾಣ. ಅವನು ಹಾರಿದಾಗಲೆಲ್ಲ ನಾನೂ ಕೂತಲ್ಲೇ ಹಾರುತ್ತಿದ್ದೆ. ಅವನು ಹಳ್ಳಕ್ಕೆ ಬಿದ್ದರೆ ನನ್ನ ಮೊಣಕಾಲು ಮೇಜಿಗೆ ಬಡಿಯುತ್ತಿತ್ತು. ಮೊದಲನೆಯ ಭಾನುವಾರ ಅವನು ನಲವತ್ತಾರು ಸಲ ಸತ್ತ, ನಾನು ಎರಡು ಮೊಣಕಾಲಿಗೂ ಮುಲಾಮು ಪಟ್ಟಿ ಹಚ್ಚಿಕೊಂಡೆ.

ಸತ್ತವನನ್ನು ಅದೇ ಹಂತದಲ್ಲಿ ಬದುಕಿಸಲು ಒಂದು ಉಪಾಯವಿದೆ. ಪರದೆಯ ಮೇಲೆ ಇಪ್ಪತ್ತು ಅಕ್ಷರಗಳ ಒಂದು ಮಂತ್ರ ಬರುತ್ತದೆ, ಅರ್ಥವಿಲ್ಲದ್ದು. ಅದನ್ನು ಕೈಯಾರೆ ಬರೆದಿಟ್ಟುಕೊಂಡು ಮುಂದಿನ ಸಲ ಹಾಗೇ ತುಂಬಬೇಕು. ಒಂದು ಅಕ್ಷರ ತಪ್ಪಿದರೂ ಪುಣ್ಯವೆಲ್ಲ ನೀರಿನಲ್ಲಿ ಹೋಮ. ನಮ್ಮ ಲಿಪಿಯಲ್ಲಿ ‘ನು’ ಮತ್ತು ‘ಮೆ’ ಅವಳಿ-ಜವಳಿ. ಬಾಲದಲ್ಲಿ ಸಣ್ಣ ಸುರುಳಿ ಇದ್ದರೆ ‘ನು’, ಇಲ್ಲದಿದ್ದರೆ ‘ಮೆ’. ಆ ಸುರುಳಿಯ ದೆಸೆಯಿಂದ ನಾನು ಅಕ್ಟೋಬರ್ ತಿಂಗಳ ಎರಡು ಭಾನುವಾರಗಳನ್ನು ಕಳೆದುಕೊಂಡಿದ್ದೇನೆ.

ಅಂತೂ ತಿಂಗಳ ಕೊನೆಗೆ ಏಳನೇ ಹಂತ ಮುಟ್ಟಿದೆ. ಮೀನಂಗಡಿಯ ಜಾಹೀರಾತು ಚೀಟಿಯ ಹಿಂದೆ, ಪ್ರತಿ ಸುರುಳಿಯನ್ನೂ ಮೂರು ಸಲ ನೋಡಿ, ಮಂತ್ರವನ್ನು ಬರೆದೆ:

ನೊಕಿಸಯುನು
ಹೆರೊಮುಅತರಿಮೆ
ನುಒಕೊಮೊನಿ
ಯೊಬನು

ಚೀಟಿಯನ್ನು ಗಡಿಯಾರದ ಕೆಳಗಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಗಡಿಯಾರವಿದೆ, ಚೀಟಿ ಇಲ್ಲ.

“ಸುಮಿಯೆ, ಇಲ್ಲಿದ್ದ ಕಾಗದ?”

“ರದ್ದಿ ಗಾಡಿ ಬಂದಿತ್ತು. ಹಳೇ ಪೇಪರೆಲ್ಲ ಹಾಕ್ದೆ. ನಾಲ್ಕು ಸುರುಳಿ ಕೊಟ್ಟ,” ಅಂದಳು.

ನಮ್ಮಲ್ಲಿ ರದ್ದಿಯವನು ಹಳೆಯ ಕಾಗದ ಒಯ್ದು ಪಾಯಿಖಾನೆಯ ಕಾಗದ ಕೊಟ್ಟುಹೋಗುತ್ತಾನೆ. ನನ್ನ ಎರಡು ತಿಂಗಳ ತಪಸ್ಸಿನ ಫಲ ಈಗ ಪಾಯಿಖಾನೆಯ ಗೂಟದಲ್ಲಿ ನೇತಾಡುತ್ತಿತ್ತು. ಅಲ್ಲೇ ಬಾಗಿಲು ಹಾಕಿಕೊಂಡು ಕೂತು ನಿಜಕ್ಕೂ ಅತ್ತುಬಿಟ್ಟೆ. ಮದುವೆಗೆ ಇನ್ನು ಮೂರೇ ವಾರ ಉಳಿದಿತ್ತು.

ನವೆಂಬರ್ ಮೂರರಂದು ರಜೆ. ಬೆಳಿಗ್ಗೆ ಅತ್ತೆ ಒಳ್ಳೆಯ ಕಿಮೋನೊ ಉಟ್ಟು ನನ್ನ ಎದುರು ಬಂದು ಕೂತರು. ನೇರವಾಗಿ ನನ್ನ ಮುಖ ನೋಡಿದರು.

“ಅಳಿಯಂದಿರೇ,” ಅಂದರು.

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

“ನೀವು ಇಂಥೋರು ಅಂತ ನಂಗೆ ಗೊತ್ತೇ ಇರ್ಲಿಲ್ಲ. ನೆಟ್ಟಗೆ ಒಂದು ಮಾತಾಡಬಾರದಾ? ಬನ್ನಿ, ಸಭಾಂಗಣಕ್ಕೆ ಹೋಗೋಣ. ಗುರುಗಳು ಕಾಯ್ತಿದಾರೆ.”

ಅತ್ತೆ ನಮ್ಮ ಬಡಾವಣೆಯ ಹೈಕು ಕೂಟದ ಸದಸ್ಯೆ. ಐದು, ಏಳು, ಐದು, ಒಟ್ಟು ಹದಿನೇಳು ಅಕ್ಷರದ ಪುಟ್ಟ ಪದ್ಯ ಬರೆಯುವ ವೃದ್ಧರ ಕೂಟ ಅದು. ಒಂಬತ್ತು ವರ್ಷದಿಂದ ಬರೆಯುತ್ತಿದ್ದರೂ ಅತ್ತೆಗೆ ಒಂದು ಸಮಾಧಾನಕರ ಬಹುಮಾನವೂ ಬಂದಿರಲಿಲ್ಲ. ಸಭಾಂಗಣದ ಗೋಡೆಯಲ್ಲಿ, ಚಿನ್ನದ ಕಾಗದದ ಹೂವಿನ ಕೆಳಗೆ, ಅತ್ತೆಯ ಸುಂದರ ಕೈಬರಹದಲ್ಲಿ ನನ್ನ ಮಂತ್ರ ತೂಗುತ್ತಿತ್ತು. ರದ್ದಿ ಗಾಡಿ ಬರುವ ಮೊದಲೇ ಅತ್ತೆ ಗಡಿಯಾರದ ಕೆಳಗಿನ ಚೀಟಿಯನ್ನು ಎತ್ತಿಕೊಂಡಿದ್ದರಂತೆ. ಹದಿನೇಳು ಅಕ್ಷರ ಪದ್ಯವಾಗಿತ್ತು. ಉಳಿದ ಮೂರು ಅಕ್ಷರ, ‘ಯೊಬನು’, ಅಂದರೆ ‘ಕರೆಯದವನು’, ನನ್ನ ಕಾವ್ಯನಾಮವಾಗಿತ್ತು. ಪ್ರಥಮ ಬಹುಮಾನ ಬಂದಿತ್ತು.

“‘ನೊಕಿ’, ಸೂರಿನಂಚು. ‘ಸಯು’, ಬರೀ ಬಿಸಿನೀರು. ‘ಅತರಿಮೆ’, ಒಣಗಿದ ಮೀನು,” ಎಂದು ಗುರುಗಳಾದ ಕುರಾಮೊತೊ ಮೇಷ್ಟ್ರು ಕಣ್ಣು ಮುಚ್ಚಿ ವಿವರಿಸಿದರು. “ಚಹಾಕ್ಕೂ ಗತಿಯಿಲ್ಲದೆ ಸೂರಿನಡಿ ಕೂತ ಒಂಟಿ ಜೀವ. ಯಾರೂ ಕರೆಯೋದಿಲ್ಲ.”

“‘ಹೆರೊಮು’ ಅಂದ್ರೆ?” ಎಂದು ನಾನೇ ಕೇಳಿದೆ.

“ಯಾರಿಗೂ ಗೊತ್ತಿಲ್ಲ. ಅಲ್ಲೇ ಇರೋದು ಆಳ.”

ಅಲ್ಲಿದ್ದ ಮುದುಕಿಯರೆಲ್ಲ ತಲೆಬಾಗಿದರು. ಅತ್ತೆ ನನ್ನನ್ನು ನೋಡಿ ಕಣ್ಣೊರೆಸಿಕೊಂಡರು. ಇದು ಪದ್ಯವಲ್ಲ, ಗುಂಡು ಹೊಡೆಯುವ ಆಟದ ಚೀಟಿ ಎಂದು ಹೇಳುವ ಧೈರ್ಯ ಯಾರಿಗಿದೆ? ನಾನು ಜೇಬಿನಿಂದ ಪೆನ್ನು ತೆಗೆದು ನನ್ನದೇ ಪದ್ಯವನ್ನು ಅಂಗೈ ಮೇಲೆ ನಕಲು ಮಾಡಿಕೊಂಡೆ. ಎಂಥ ವಿನಯ ಎಂದು ಯಾರೋ ಪಿಸುಗುಟ್ಟಿದರು.

ಮನೆಗೆ ಬಂದವನೇ ಟಿವಿ ಹಾಕಿ ತುಂಬಿದೆ. ‘ಮಂತ್ರ ತಪ್ಪಿದೆ’ ಎಂದಿತು. ಮತ್ತೆ ತುಂಬಿದರೂ ಅದೇ ಉತ್ತರ. ಅತ್ತೆ ಚಹಾ ತಂದರು (ಹನ್ನೊಂದು ವರ್ಷದಲ್ಲಿ ಮೊದಲ ಸಲ).

“ಅತ್ತೆ, ಗುರುಗಳು ಪದ್ಯವನ್ನ ಏನಾದ್ರೂ ತಿದ್ದಿದ್ರಾ?”

“ಒಂದೇ ಒಂದು ಅಕ್ಷರ. ಮೂರನೇ ಸಾಲಲ್ಲಿ ನೀವು ‘ನು’ ಅಂತ ಬರೆದಿದ್ರಿ, ಅರ್ಥವೇ ಆಗ್ತಿರ್ಲಿಲ್ಲ. ಬಾಲ ತೆಗೆದು ‘ಮೆ’ ಮಾಡಿದ್ರು. ‘ಮೆ’ ಅಂದ್ರೆ ಕಣ್ಣು. ಕಣ್ಣು ಚಾಪೆ ಮೇಲೆ ನೆಟ್ಟಿದೆ ಅಂತ. ಹೊಸಬರು ಮಾಡೋ ತಪ್ಪು, ಬೇಜಾರ್ ಮಾಡ್ಕೋಬೇಡಿ.”

ಅತ್ತೆ ಆ ಕಡೆ ತಿರುಗಿದ್ದೇ ತಡ, ಬಾಲವನ್ನು ವಾಪಸು ಅಂಟಿಸಿದೆ. ಏಳನೇ ಹಂತ ತೆರೆಯಿತು. ಹಿಂದೆ ನೋಡಿದರೆ ಅತ್ತೆ ಇನ್ನೂ ಹೋಗಿರಲಿಲ್ಲ. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಟಿವಿಯನ್ನೊಮ್ಮೆ, ನನ್ನ ಅಂಗೈಯನ್ನೊಮ್ಮೆ ನೋಡಿ ಒಳಗೆ ಹೋದರು. ವಯಸ್ಸಾಯಿತು, ಕಣ್ಣು ಮಂಜು, ಏನೂ ತಿಳಿದಿರಲಾರದು ಎಂದು ಸಮಾಧಾನ ಮಾಡಿಕೊಂಡೆ.

ಮದುವೆಯ ಹಿಂದಿನ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಉಕ್ಕಿನ ಚಂದ್ರ ಸ್ಫೋಟಗೊಂಡ. ಕರೆಯದಿದ್ದರೂ ಸುಮಿಯೆ ಬಂದು ಪಕ್ಕದಲ್ಲಿ ಕೂತಿದ್ದಳು. ನಾಯಕ ಗುಡ್ಡದ ಮೇಲೆ ನಿಂತ. ಅಕ್ಷರಗಳು ಒಂದೊಂದಾಗಿ ಮೂಡಿದವು: ‘ಯುದ್ಧ ಮುಗಿದಿಲ್ಲ. ಮತ್ತೆ ಮೊದಲಿನಿಂದ ಆರಂಭ. ಈ ಸಲ ಶತ್ರುಗಳು ಇನ್ನೂ ಬಲಶಾಲಿಗಳು.’ ನಾಯಕ ಮೊದಲನೇ ಹಂತಕ್ಕೆ ಹೋಗಿ ನಿಂತ.

“ಇಷ್ಟೇನಾ?” ಅಂದಳು.

“ಸಿನಿಮಾದಲ್ಲೂ ಇಷ್ಟೇ ಅಲ್ವಾ,” ಅಂದೆ, ಹುಷಾರಾಗಿ.

“ಹಾಗೇ ಅಂದ್ಕೊಳ್ಳಿ,” ಎಂದು ಅಕ್ಕಿ ತೊಳೆಯಲು ಎದ್ದುಹೋದಳು.

ಮದುವೆಯ ದಿನ ಬಂತು. ನಮ್ಮ ಮದುವೆಗಳಲ್ಲಿ ಆಡಬಾರದ ಮಾತುಗಳ ಒಂದು ಪಟ್ಟಿಯೇ ಇದೆ. ‘ಮುಗಿಯಿತು’ ಅನ್ನಬಾರದು, ‘ಕತ್ತರಿಸು’ ಅನ್ನಬಾರದು, ಎಲ್ಲಕ್ಕಿಂತ ಮುಖ್ಯವಾಗಿ ‘ಮತ್ತೆ’ ಅನ್ನಬಾರದು. ಅಂದರೆ ಹುಡುಗಿಗೆ ಎರಡನೇ ಮದುವೆ ಬಯಸಿದಂತೆ. ನಾನು ಭಾಷಣ ಬರೆದುಕೊಂಡ ಕಾರ್ಡಿನಲ್ಲಿ ‘ಕೊನೆ’ ಎಂದಿದ್ದ ಕಡೆಯೆಲ್ಲ ‘ಆ ಶುಭ ದೃಶ್ಯ’ ಎಂದು ತಿದ್ದಿಕೊಂಡಿದ್ದೆ. ಭಾಷಣ ಚೆನ್ನಾಗಿಯೇ ಹೊರಟಿತು. ಆದರೆ ಗುಡ್ಡದ ಮೇಲೆ ನಾಯಕನನ್ನು ನಿಲ್ಲಿಸಿದಾಗ ನನಗೇ ಆವೇಶ ಬಂದುಬಿಟ್ಟಿತು. ಎರಡು ತಿಂಗಳ ಮೊಣಕಾಲು ನೋವು ಗಂಟಲಿಗೆ ಬಂತು.

“ಆಗ ನಾಯಕ ಹೇಳ್ತಾನೆ,” ಎಂದು ಎಂಬತ್ತು ಜನರ ಮುಂದೆ ಕೈ ಎತ್ತಿದೆ. “ಮತ್ತೆ ಮೊದಲಿನಿಂದ ಆರಂಭ. ಈ ಸಲ ಇನ್ನೂ ಬಲಶಾಲಿಗಳ ಜೊತೆ.”

ಮದುಮಗನ ತಾಯಿ ಚಾಪ್‌ಸ್ಟಿಕ್ ಕೆಳಗಿಟ್ಟರು. ಚಿಹಾಯಳ ಮುಖ ಬಿಳಿಚಿಕೊಂಡಿತು. ನನಗೆ ಎಲ್ಲಾದರೂ ಹಳ್ಳ ಕಂಡಿದ್ದರೆ ಹಾರಿಬಿಡುತ್ತಿದ್ದೆ.

ಆಗ ಸುಮಿಯೆ ಎದ್ದು ನಿಂತಳು.

“ದಯವಿಟ್ಟು ಇವರ ಮಾತು ಮನಸ್ಸಿಗೆ ಹಚ್ಕೋಬೇಡಿ. ಇವರು ಆ ಸಿನಿಮಾ ನೋಡಿಲ್ಲ. ಅರ್ಧದಲ್ಲೇ ನಿದ್ದೆ ಹೋದ್ರು. ಗೊರಕೆಗೆ ಹಿಂದಿನ ಸಾಲಿನವರು ನಕ್ಕು ನಕ್ಕು ಸಾಕಾದ್ರು, ನಂಗಂತೂ ಕಣ್ಣಲ್ಲಿ ನೀರು ಬಂತು. ಅಷ್ಟ್ರಲ್ಲಿ ರೀಲು ಸುಟ್ಟುಹೋಗಿ ದೀಪ ಹಾಕಿದ್ರು. ಆ ದಿನ ಯಾರೂ ಕೊನೆ ನೋಡ್ಲಿಲ್ಲ. ತಮಾಷೆಗೆ ಕೊನೆ ಹೇಗಿತ್ತು ಅಂದೆ. ಅಳು ಬಂತು ಅಂದ್ರು. ಸುಳ್ಳು ಹೇಳಿದ ಕೂಡ್ಲೇ ಸಿಕ್ಕಿಬೀಳೋ ಗಂಡ ಸಿಕ್ಕಿದ್ರೆ ಬಿಡಬಾರದು ಅಂತ ಅವತ್ತೇ ಒಪ್ಪಿಕೊಂಡೆ.” ಮದುಮಕ್ಕಳ ಕಡೆ ತಿರುಗಿ ಬಾಗಿದಳು. “ಹಾಗಾಗಿ ನಮ್ಮ ಸಿನಿಮಾಕ್ಕೆ ಕೊನೆಯೇ ಇಲ್ಲ. ನಿಮ್ಮದಕ್ಕೂ ಬಾರದೇ ಇರ್ಲಿ.”

ಚಪ್ಪಾಳೆಯೋ ಚಪ್ಪಾಳೆ. ಮದುಮಗನ ತಾಯಿ ನಗುತ್ತಾ ಚಾಪ್‌ಸ್ಟಿಕ್ ಎತ್ತಿಕೊಂಡರು. ಅತಿಥಿಗಳು ಸಾಲಾಗಿ ಬಂದು ಸುಮಿಯೆಯ ಲೋಟಕ್ಕೆ ಸಾಕೆ ಮದ್ಯ ಸುರಿದರು. ನನ್ನ ಹತ್ತಿರ ಬಂದವರು ಗೊರಕೆಗೆ ಒಳ್ಳೆಯ ವೈದ್ಯರ ವಿಳಾಸ ಕೊಟ್ಟು ಹೋದರು. ಹನ್ನೊಂದು ವರ್ಷ ನಾನು ತಲೆ ತಗ್ಗಿಸಿದ್ದು ಇಲ್ಲದ ಒಂದು ಕೊನೆಗೆ.

ಸಂಜೆ ರೈಲಿನಲ್ಲಿ ಮೂವರೂ ಸಾಲಾಗಿ ಕೂತಿದ್ದೆವು. ಹೋಗಲಿ, ಮಾನ ಹೋದರೂ ಅತ್ತೆಯ ಎದುರಿಗಾದರೂ ಕವಿಯಾಗಿ ಉಳಿದೆನಲ್ಲ ಎಂದು ಅವರ ಕಡೆ ತಿರುಗಿ ಸಣ್ಣಗೆ ನಕ್ಕೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

“ಸುಮಿಯೆ,” ಅಂದರು, “ನಿನ್ನ ಗಂಡನ್ನ ಕೇಳು. ಡಿಸೆಂಬರ್ ಸಭೆಗೆ ಗುರುಗಳು ಪದ್ಯ ಕೇಳಿದಾರೆ. ಆ ಪಿಕೋಪಿಕೋದಲ್ಲಿ ಮುಂದಿನದು ಯಾವಾಗ ಬರುತ್ತಂತೆ?”