ಕೈ ಎತ್ತಿದೋರು ಹತ್ತಲೇಬೇಕು

ಜಗಳ ಶುರುವಾದದ್ದು ಒಂದು ರಾಗಿಮುದ್ದೆಯಿಂದ. ಯುಗಾದಿಯ ಮಾರನೆಯ ಹೊಸತೊಡಕಿನ ದಿನ ಬಿಡದಿಯ ಮಾವನ ಮನೆಯಲ್ಲಿ ಚಿಕ್ಕಣ್ಣ ಊಟಕ್ಕೆ ಕೂತಿದ್ದಾಗ ಮಾವ ದೊಡ್ಡಹನುಮಯ್ಯ ಅಡಿಗೆಮನೆಯ ಕಡೆ ತಿರುಗಿ, “ಅಳಿಯಂದ್ರಿಗೆ ಚಿಕ್ಕ ಮುದ್ದೆ ಕಟ್ರಮ್ಮ. ಗಿರಣೀಲಿ ನಿಂತು ನೂಲು ನೋಡೋರ್ಗೆ ನಮ್ ಮುದ್ದೆ ಇಳಿಯಲ್ಲ” ಎಂದುಬಿಟ್ಟ.

ತಟ್ಟೆಗೆ ಬಿದ್ದದ್ದು ನಿಂಬೆಹಣ್ಣಿನಷ್ಟು ಮುದ್ದೆ. ಚಿಕ್ಕಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಕೈ ತೊಳೆದು, ಇನ್ನು ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಸಾರಿದ. ಹೆಂಡತಿ ಮುನಿಲಕ್ಷ್ಮಿಗೂ ರೋಷ ಬಂತು. “ಒಂದ್ ಮುದ್ದೆಗೆ ಎದ್ದೋಗೋರು ಒಬ್ಬರೇ ಹೋಗಿ” ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ವಾರ ಚಿಕ್ಕಣ್ಣ ತಾನು ಬೇಯಿಸಿದ್ದನ್ನು ತಾನೇ ತಿಂದ. ಅದನ್ನಾದರೂ ಹೇಗೋ ಸಹಿಸಬಹುದಿತ್ತು, ಅವಳ ಗೊಣಗಾಟವಿಲ್ಲದ ಮನೆಯನ್ನು ಸಹಿಸಲಾಗಲಿಲ್ಲ. ಕೊನೆಗೆ ಒಂದು ಕಾರ್ಡು ಬಂತು. “ಶುಕ್ರವಾರ ಬೆಳಗಿನ ರೈಲಿಗೆ ಬರುತ್ತೇನೆ. ನಮ್ಮೂರ ಹಾಲ್ಟಿನಲ್ಲಿ ನೀವು ಕಂಡರೆ ಇಳಿಯುತ್ತೇನೆ. ಕಾಣದಿದ್ದರೆ ನೆಟ್ಟಗೆ ಸಿಟಿಯ ಅಕ್ಕನ ಮನೆಗೆ ಹೋಗುತ್ತೇನೆ. ಆಮೇಲೆ ಕರೆಯಲು ಬರಬೇಡಿ.”

ಕೆಂಗೇರಿಗೂ ಸಿಟಿಗೂ ನಡುವಿನ ಆ ಹಾಲ್ಟಿಗೆ ಸ್ಟೇಷನ್ ಮಾಸ್ತರಿಲ್ಲ, ಗಂಟೆಯಿಲ್ಲ, ಟಿಕೆಟ್ಟಿನ ಕಿಟಕಿಯೂ ಇಲ್ಲ. ಇರುವುದು ಒಂದು ಹೊಂಗೆಮರ, ಹೆಸರು ಮಾಸಿದ ಹಲಗೆ, ಹಳಿಯ ಪಕ್ಕ ಮಣ್ಣಿನ ದಿಬ್ಬ. ಇಳಿಯುವವರು ಗಾರ್ಡಿಗೆ ಮೊದಲೇ ಹೇಳಿರಬೇಕು, ಹತ್ತುವವರು ಕೈ ತೋರಿಸಬೇಕು. ಟಿಕೆಟ್ಟನ್ನೂ ಗಾರ್ಡೇ ಬರೆದುಕೊಡುತ್ತಾನೆ. ಉಳಿದ ಆಡಳಿತವೆಲ್ಲ ಮರದಡಿ ಕಡಲೆಕಾಯಿ ಮಾರುವ ಹನುಮಕ್ಕನದು.

ಶುಕ್ರವಾರ ಒಗೆದ ಅಂಗಿ ತೊಟ್ಟು ಬಂದು ನಿಂತ ಚಿಕ್ಕಣ್ಣನನ್ನು ಆಕೆ ಮೇಲಿಂದ ಕೆಳಗೆ ನೋಡಿದಳು.

“ಹಿಂಗೆ ಕಂಬದಂಗೆ ನಿಂತ್ರೆ ರೈಲು ನಿಲ್ಲುತ್ತೇನ್ಲಾ? ಕೈ ಎತ್ತು!”

“ಅವ್ಳು ಗಾರ್ಡಿಗೆ ಹೇಳಿರ್ತಾಳೆ ಹನುಮಕ್ಕ.”

“ಹೇಳಿದ್ರೆ ಅವನು ಕೇಳಿಸ್ಕೊಬೇಕಲ್ಲ! ಹೋದ ತಿಂಗ್ಳು ಪಟಾಲಮ್ಮನ ನಾದಿನೀನ ಇಳಿಸ್ದೆ ಸಿಟಿಗಂಟ ಹೊತ್ಕೊಂಡೋಯ್ತು.”

ತಿರುವಿನಲ್ಲಿ ಹೊಗೆ ಕಂಡಿತು. ಚಿಕ್ಕಣ್ಣ ಒಂದಲ್ಲ, ಎರಡೂ ಕೈ ಎತ್ತಿ ಕುಣಿದ. ರೈಲು ಏದುಸಿರು ಬಿಡುತ್ತ ನಿಂತಿತು. ಹಿಂದಿನ ಡಬ್ಬಿಯಿಂದ ಗಾರ್ಡು ಧುಮುಕಿ ಬಂದ.

“ಯಾರ್ರೀ ಕೈ ತೋರ್ಸಿದ್ದು?”

“ನಾನೇ ಸಾರ್. ನನ್ನೆಂಡ್ತಿ ಇಳೀತಾಳೆ...”

“ಕೈ ಎತ್ತಿದೋರು ಹತ್ತಲೇಬೇಕು! ಮೋಜಿಗೆ ರೈಲು ನಿಲ್ಲಿಸೋರು ನೀವು, ಲೇಟಾಯ್ತು ಅಂತ ಬೈಸ್ಕೊಳೋನು ನಾನು. ನಡೀರಿ, ನಡೀರಿ!”

ಚಿಕ್ಕಣ್ಣ ಬಾಯಿ ತೆರೆದು ಮುಚ್ಚುವುದರೊಳಗೆ ರೈಲಿನಲ್ಲಿದ್ದ. ರೈಲು ಹೊರಟಾಗ ಆಚೆಬದಿಯ ಕಿಟಕಿಯಲ್ಲಿ ನೋಡುತ್ತಾನೆ, ಅಲ್ಲಿ ಮುನಿಲಕ್ಷ್ಮಿ! ಅವನ ಕೈ ಕಂಡೇ ಅವಳು ಇಳಿದಿದ್ದಳು. ದಿಬ್ಬದ ಕಡೆಯ ಬಾಗಿಲಿಗೆ ಯಾರೋ ಸೊಪ್ಪಿನ ಮಂಕರಿ ಒಟ್ಟಿದ್ದರಿಂದ ಆಚೆಬದಿಗೆ ಇಳಿದು, ಕಂಕುಳಲ್ಲಿ ಗಂಟು ಹಿಡಿದು ಗಂಡನನ್ನು ಹುಡುಕುತ್ತಿದ್ದಳು. ಅವನ ಕೂಗು ಎಂಜಿನ್ನಿನ ಸಿಳ್ಳೆಯಲ್ಲಿ ಮುಳುಗಿಹೋಯಿತು.

ಸಿಟಿಯಿಂದ ಅದೇ ರೈಲು ಗಂಟೆಯೊಳಗೆ ಮರಳಿ ಹೊರಡುತ್ತಿತ್ತು. ನಡೆದರೆ ಅದಕ್ಕಿಂತ ತಡ. ಚಿಕ್ಕಣ್ಣ ಒಂದು ಮೊಳ ಮಲ್ಲಿಗೆ ಕೊಂಡು ಹತ್ತಿದ, ಹಾಲ್ಟಿನಲ್ಲಿ ಇಳಿಯುವುದನ್ನು ಗಾರ್ಡಿಗೆ ಮೂರು ಸಲ ಹೇಳಿದ. ಹೆಂಡತಿ ತಾನಿಳಿದ ಜಾಗದಲ್ಲೇ ಕಾಯುತ್ತಿರುತ್ತಾಳೆ ಎಂದು ಲೆಕ್ಕ ಹಾಕಿ, ಬುದ್ಧಿವಂತನಂತೆ ಆಚೆಬದಿಗೇ ಇಳಿದ.

ಅಲ್ಲಿ ಒಂದು ಮೇಕೆ ಬಿಟ್ಟರೆ ಯಾರೂ ಇರಲಿಲ್ಲ.

ಈಚೆಬದಿಯ ದಿಬ್ಬದ ಮೇಲೆ, ಹನುಮಕ್ಕನ ಅಪ್ಪಣೆಯಂತೆ, ಗಂಡನನ್ನು ರೈಲು ಕೆಂಗೇರಿಗೆ ಹೊತ್ತೊಯ್ಯದಿರಲಿ ಎಂದು ಮುನಿಲಕ್ಷ್ಮಿ ಎರಡೂ ಕೈ ಎತ್ತಿ ನಿಂತಿದ್ದಳು. ಗಾರ್ಡು ಅವಳನ್ನೂ ಬಿಡಲಿಲ್ಲ.

ರೈಲು ಅಲುಗಿತು. “ಅಯ್ಯೋ, ಇಲ್ಲಿದೀನಿ ಕಣ್ರೀ!” ಎಂಬ ಕೂಗು ಕಿಟಕಿಯಿಂದ ಕೇಳಿತು. ಮೂರು ವಾರದ ಮೇಲೆ ಕಂಡ ಮುಖ, ಅದೂ ಅಳುಮುಖ. ಚಿಕ್ಕಣ್ಣ ತಡೆಯಲಾರದೆ ಮಲ್ಲಿಗೆ ಹಿಡಿದ ಕೈ ಎತ್ತಿ ಬೀಸಿದ. ಅಷ್ಟರಲ್ಲಿ ಕೊನೆಯ ಡಬ್ಬಿ ಮೆಲ್ಲಗೆ ಬಂತು.

“ಮತ್ತೆ ನೀವೇನಾ!” ಎಂದು ಗಾರ್ಡು ಆ ಎತ್ತಿದ ಕೈಯನ್ನೇ ಹಿಡಿದು ಒಳಗೆಳೆದುಕೊಂಡ.

ಕೆಂಗೇರಿಯಲ್ಲಿ ಚಿಕ್ಕಣ್ಣ ಓಡಿ ಹೆಂಡತಿಯ ಡಬ್ಬಿ ಸೇರಿದ. ಇಬ್ಬರೂ ಅಲ್ಲೇ ಇಳಿದು ನಡೆದುಬಿಡಬೇಕೆಂದಿದ್ದರು. ಆದರೆ ಅವಳು ಮೊದಲು ಕಣ್ಣೊರೆಸಿಕೊಳ್ಳಬೇಕಿತ್ತು, ಅವನು ಹೂ ಕೊಡಬೇಕಿತ್ತು, ಸೊರಗಿದ್ದೀರಿ ಎಂದು ಅವಳು, ನೀನೂ ಎಂದು ಅವನು ಹೇಳಬೇಕಿತ್ತು. ಮಾತು ಮುಗಿಯದೆ ಕೆಂಗೇರಿ ದಾಟಿತು. ಹೆಜ್ಜಾಲ ಬಂದದ್ದು ಇಬ್ಬರಿಗೂ ತಿಳಿಯಲೇ ಇಲ್ಲ.

ಬಿಡದಿಯ ಕಲ್ಲುಬೆಂಚಿನ ಮೇಲೆ ದೊಡ್ಡಹನುಮಯ್ಯ ಕೂತಿದ್ದ. ಬೆಳಗ್ಗೆ ಮಗಳನ್ನು ರೈಲು ಹತ್ತಿಸಿದವನಿಗೆ ಮನೆಗೆ ಹೋಗಲು ಮನಸ್ಸಾಗಿರಲಿಲ್ಲ. ಇಬ್ಬರನ್ನೂ ಕಂಡು ಅವನ ಕಣ್ಣು ತುಂಬಿತು. ಒಂದು ಪ್ರಶ್ನೆಯನ್ನೂ ಕೇಳದೆ ಅಳಿಯನ ರಟ್ಟೆ ಹಿಡಿದು ಮನೆಗೆ ಕರೆದೊಯ್ದ. ಚಿಕ್ಕಣ್ಣ ಹೊಸಿಲು ತುಳಿದದ್ದಾಯಿತು.

“ಅಳಿಯಂದ್ರಿಗೆ ದೊಡ್ಡ ಮುದ್ದೆ ಕಟ್ರಮ್ಮ! ಅವತ್ತು ನಂದೇ ತಪ್ಪು” ಎಂದು ಮಾವ ಕೂಗಿದ.

ಬಂದದ್ದು ತೆಂಗಿನಕಾಯಿಯಷ್ಟು ಮುದ್ದೆ. ಮಾನದ ಪ್ರಶ್ನೆ. ಚಿಕ್ಕಣ್ಣ ಬೆವರುತ್ತ ನುಂಗಿದ, ಸಾರು ಕೇಳಿದ, ನೀರು ಕುಡಿದ, ಮತ್ತೆ ನುಂಗಿದ. ಅರ್ಧಕ್ಕೆ ನಿಂತುಹೋಯಿತು. ಮುನಿಲಕ್ಷ್ಮಿ ಸಾರು ಬಡಿಸುವ ನೆಪದಲ್ಲಿ ಬಗ್ಗಿ, ಉಳಿದರ್ಧವನ್ನು ಸೆರಗಿನ ಮರೆಯಲ್ಲಿ ತನ್ನ ತಟ್ಟೆಗೆ ದಾಟಿಸಿದಳು.

ದೊಡ್ಡಹನುಮಯ್ಯ ಸೂರಿನ ಕಡೆ ನೋಡುತ್ತಿದ್ದ. ನೋಡುತ್ತಲೇ ಮೆತ್ತಗೆ, “ರಾತ್ರಿಗೆ ಚಿಕ್ಕದೇ ಕಟ್ರಮ್ಮ” ಎಂದ.

ಚಿಕ್ಕಣ್ಣ ಈ ಸಲ ಎದ್ದುಹೋಗಲಿಲ್ಲ. ಹೊಟ್ಟೆಯ ಭಾರಕ್ಕೆ ಅವನಿಂದ ಏಳಲಾಗುತ್ತಿರಲಿಲ್ಲ.